ನಂಬರು ಬರೆದ ಓಟು

ರಾಗಿ ಮೆದೆ ಒಟ್ಟಿ ಮುಗಿದಿತ್ತು, ಧನುರ್ಮಾಸ ಹಿಡಿಯಲು ಇನ್ನೂ ಎರಡು ದಿನ ಇತ್ತು. ಬೆಳಗಿನ ಏಳು ಗಂಟೆ ಇರಬೇಕು. ಮಂಜು ಎಷ್ಟಿತ್ತೆಂದರೆ ಕಣದಲ್ಲಿ ಕೂತಿದ್ದ ನನಗೆ ಎದುರಿಗಿನ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಕೂಡ ಕಾಣುತ್ತಿರಲಿಲ್ಲ. ಆ ಮಂಜಿನೊಳಗಿಂದ ಹಾಡಿಯ ಮಂಗಳಾ ಬಂದು ನಿಂತಳು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು, ಅದರೊಳಗೆ ಮಡಿಸಿದ ಕಾಗದ.

"ಅಯ್ಯ, ಪಂಚಾಯ್ತಿ ಎಲೆಕ್ಷನ್‌ಗೆ ನಿಂತಿವ್ನಿ," ಅಂದಳು. "ನಿಮ್ ಓಟು ಬೇಕು."

ಎಪ್ಪತ್ತೆಂಟು ವರ್ಷದಲ್ಲಿ ನನ್ನ ಓಟು ಕೇಳಿಕೊಂಡು ಬಂದವರು ಬಹಳ ಜನ. ಕಾಲಿಗೆ ಬಿದ್ದವರಿದ್ದರು, ಹೆಗಲ ಮೇಲೆ ಕೈ ಹಾಕಿ ಹೆದರಿಸಿದವರಿದ್ದರು. ಹಾಡಿಯವರು ಯಾರೂ ಬಂದಿರಲಿಲ್ಲ. ಓಟು ಕೇಳುವುದು ನಮ್ಮ ಊರಿನವರ ಕೆಲಸ, ಹಾಕುವುದು ಹಾಡಿಯವರ ಕೆಲಸ ಅಂತ ಯಾರೋ ಯಾವಾಗಲೋ ಗೆರೆ ಎಳೆದುಬಿಟ್ಟಿದ್ದರು.

ನಮ್ಮ ಊರು ಹನಗೋಡಿನಿಂದ ಮೂರು ಮೈಲಿ. ಊರಿನಿಂದ ಕಾಡಿನ ಕಡೆಗೆ ಇನ್ನೊಂದು ಮೈಲಿ ನಡೆದರೆ ಹಾಡಿ, ನಲವತ್ತು ಮನೆ ಜೇನುಕುರುಬರದು. ಊರಿಗೂ ಹಾಡಿಗೂ ಸೇರಿ ಪಂಚಾಯ್ತಿಯಲ್ಲಿ ಒಂದೇ ಸೀಟು. ಆ ಸಲ ಅದು ಪರಿಶಿಷ್ಟ ಪಂಗಡದ ಹೆಂಗಸಿಗೆ ಅಂತ ಬಂದಿತ್ತು. ಹಿಂದಿನ ಅಧ್ಯಕ್ಷ ಸುನೀಲ್ಕುಮಾರ್, ಎರಡು ಬ್ಯಾರನ್ನು, ಒಂದು ಜೆಸಿಬಿಯ ಯಜಮಾನ, ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ. ತನ್ನ ಮನೆಯಲ್ಲಿ ಕೊಟ್ಟಿಗೆ ಕೆಲಸಕ್ಕಿದ್ದ ಹಾಡಿಯ ಪುಟ್ಟಿಯನ್ನು ಕರೆದು ಅರ್ಜಿಯ ಮೇಲೆ ಹೆಬ್ಬೆಟ್ಟು ಒತ್ತಿಸಿದ. ಪುಟ್ಟಿ ಗೆದ್ದರೆ ಕುರ್ಚಿಯಲ್ಲಿ ಕೂರುವವನು ಅವನೇ.

ಮಂಗಳಾ ಎಸ್ಸೆಸ್ಸೆಲ್ಸಿ ಪಾಸಾದವಳು. ಗಂಡ ಕೊಡಗಿಗೆ ಕೂಲಿಗೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದ. ಎಂಟು ವರ್ಷದ ಮಗಳು, ತಾಯಿ ಜವರಿ, ತಮ್ಮ ಜಯರಾಮ ಇವರ ಜೊತೆ ಹಾಡಿಯಲ್ಲಿದ್ದಳು. ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುವುದರಲ್ಲಿ ಅವಳ ಕೈಗೆ ಸಾಟಿಯಾದವರು ಸುತ್ತ ನಾಲ್ಕೂರಿನಲ್ಲಿ ಇರಲಿಲ್ಲ.

"ಯಾಕವ್ವ ಈ ಉಸಾಬರಿ?" ಅಂದೆ.

"ನೀರಿನ ಪೈಪು ಸುನೀಲಣ್ಣನ ಬ್ಯಾರನ್ ತಾವ್ಲೇ ನಿಂತೋಗದೆ. ಅನ್ನೆರಡು ವರ್ಸಾಯ್ತು. ನಮ್ಮವ್ವ ಈಗ್ಲೂ ಕಾಡೊಳಗಿನ ಅಳ್ಳದಿಂದ ಒರ್ತಾಳೆ. ಗೆದ್ರೆ ಪೈಪು ಹಾಡಿಗೆ ತತ್ತೀನಿ."

"ಸೋತ್ರೆ?"

"ಸೋತ್ರೆ ಈ ಊರಲ್ಲಿ ಕೂಲಿ ಕೇಳಬ್ಯಾಡ ಅಂದವ್ರೆ ಸುನೀಲಣ್ಣ. ಬ್ಯಾರನ್‌ಗೂ ಬರಂಗಿಲ್ಲ, ರಾಗಿ ಒಕ್ಕಣೆಗೂ ಕರೆಯಕಿಲ್ಲ ಅಂತ. ಕೊಡಗಿಗೇ ಓಗ್ಬೇಕು, ಮಗೀನ ಇಸ್ಕೂಲು ಬುಡುಸ್ಕಂಡು."

ಹೇಳಿ ನಕ್ಕಳು. ನಾನು ನನ್ನ ಓಟು ಹಾಕುತ್ತೇನೆ ಅಂದೆ. "ನಿಮ್ ಮೊಮ್ಮಗನ ತಂಡದ್ದು ಅನ್ನೊಂದು ಓಟು ನಂದೇ ಅಂದವ್ರೆ ಅಯ್ಯ," ಅಂತ ಇನ್ನೊಂದು ಸಲ ನಕ್ಕು ಮಂಜಿನೊಳಗೆ ಹೋದಳು.

ಈ ಹನ್ನೊಂದು ಜನರ ವಿಷಯ ಹೇಳಬೇಕು.

ನನ್ನ ಮೊಮ್ಮಗ ಶಶಿಕುಮಾರ್ ಹುಣಸೂರಿನಲ್ಲಿ ಬಿ.ಕಾಂ. ಓದುತ್ತಿದ್ದ. ಅದು ಕೊರೊನಾ ವರ್ಷ, ಕಾಲೇಜಿಗೆ ಬೀಗ. ಹಾಗಾಗಿ ಊರಿನಲ್ಲಿದ್ದ ಹದಿನೆಂಟು ಹತ್ತೊಂಬತ್ತು ವಯಸ್ಸಿನ ಹುಡುಗರೆಲ್ಲ ಒಂದೇ ಕಡೆ ಗುಡ್ಡೆಯಾಗಿದ್ದರು. ಟೈಗರ್ ಬಾಯ್ಸ್ ಅಂತ ಒಂದು ಕ್ರಿಕೆಟ್ ತಂಡ. ಹತ್ತು ಜನ ಊರಿನವರು, ಹನ್ನೊಂದನೆಯವನು ಮಂಗಳಾಳ ತಮ್ಮ ಜಯರಾಮ. ಅವನಷ್ಟು ಜೋರಾಗಿ ಚೆಂಡು ಎಸೆಯುವವನು ಊರಿನಲ್ಲಿ ಇರಲಿಲ್ಲ, ಅದಕ್ಕೇ ಸೇರಿಸಿಕೊಂಡಿದ್ದರು. ಹನ್ನೊಂದು ಜನರಿಗೂ ಅದು ಮೊದಲನೆಯ ಓಟು.

ಮೊದಲನೆಯ ಓಟು ಅಂದರೆ ಅವರಿಗೆ ಮೀಸೆ ಬಂದ ಹಾಗೆ. ಅರಳಿಕಟ್ಟೆ ಮೇಲೆ ಬೆಳಿಗ್ಗೆಯಿಂದ ಕೂತು ಫೋನಿನಲ್ಲಿ ದೇಶ ಆಳುತ್ತಿದ್ದರು. ಗಡಿಯಲ್ಲಿ ಸೈನ್ಯ ಎಲ್ಲಿ ನಿಲ್ಲಬೇಕು, ದೆಹಲಿಯಲ್ಲಿ ಯಾರು ಇಳಿಯಬೇಕು, ಅಮೆರಿಕದವನು ಯಾಕೆ ಸೋತ, ಎಲ್ಲವೂ ಗೊತ್ತು. ಕಟ್ಟೆಯ ಪಕ್ಕದ ಬೀದಿ ದೀಪ ಕೆಟ್ಟು ಎಷ್ಟು ತಿಂಗಳಾಯಿತು ಅಂತ ಕೇಳಿದರೆ ತಲೆ ಎತ್ತಿ ನೋಡಿ, "ಕೆಟ್ಟದಾ ತಾತ?" ಅನ್ನುತ್ತಿದ್ದರು.

ನನ್ನ ಕಿರಿಯ ಮಗನ ಮಗಳು ಪದ್ಮಶ್ರೀಯೂ ಅದೇ ಓರಗೆಯವಳು, ಅವಳದೂ ಮೊದಲ ಓಟು. ಕಾಲೇಜಿನವರು ಫೋನಿನಲ್ಲೇ ಅವಳಿಗೊಂದು ಬರೆಯುವ ಕೆಲಸ ಕೊಟ್ಟಿದ್ದರು. ಮೊದಲ ಸಲ ಓಟು ಹಾಕುವವರನ್ನು ಹಿಡಿದು, ಯಾರಿಗೆ ಹಾಕುತ್ತೀರಿ, ಯಾಕೆ ಹಾಕುತ್ತೀರಿ ಅಂತ ಕೇಳಿ ಬರೆಯಬೇಕು. ಪುಸ್ತಕ ಹಿಡಿದು ಕಟ್ಟೆಗೆ ಬಂದಳು.

"ಊರಿನ ದೊಡ್ಡ ಸಮಸ್ಯೆ ಏನು?" ಅಂತ ಓದಿದಳು.

"ದೇಶದ ಭದ್ರತೆ," ಅಂದ ಶಶಿ.

"ಊರಿಂದು ಕಣೋ ಕೇಳ್ತಿರಾದು."

"ಊರು ದೇಶದೊಳಗೆ ಇಲ್ವಾ? ಬರ್ಕ."

ರಘು ಅಂತ ಇನ್ನೊಬ್ಬ, ಶಶಿಯ ಬಾಲ, "ನಂದು ಭ್ರಷ್ಟಾಚಾರ ಅಂತ ಬರ್ಕಳವ್ವ. ಅಂಗೇ ಟವರ್ ಸಿಗಾಕಿಲ್ಲ ಅಂತಾನೂ ಬರಿ," ಅಂದ.

"ಪಕ್ಷ ನೋಡ್ತೀರೋ, ವ್ಯಕ್ತಿ ನೋಡ್ತೀರೋ?"

"ವ್ಯಕ್ತಿ!" ಅಂತ ಎಲ್ಲರೂ ಒಟ್ಟಿಗೆ ಕೂಗಿದರು. ಎಲ್ಲರೂ ಒಂದೇ ವಿಡಿಯೋ ನೋಡಿದ್ದರು.

"ಯಾವ ವ್ಯಕ್ತಿ?"

ಹತ್ತೂ ಜನ ಮತ್ತೆ ಫೋನಿಗೆ ಬಗ್ಗಿದರು. ಜಯರಾಮ ಕಟ್ಟೆ ಹತ್ತದೆ ಕೆಳಗೆ ಬೇರಿನ ಮೇಲೆ ಕೂತಿದ್ದ. ಅವನನ್ನೂ ಕೇಳಿದಳು, ದೊಡ್ಡ ಸಮಸ್ಯೆ ಏನು ಅಂತ. "ನೀರು," ಅಂದ. ಹುಡುಗರು ಗೊಳ್ ಅಂದರು. ಪದ್ಮಶ್ರೀ ನಗಲಿಲ್ಲ, ಬರೆದುಕೊಂಡಳು.

ಇಂಥವರು ಮಂಗಳಾಳ ಕಡೆ ಯಾಕೆ ನಿಂತರು ಅಂತ ನೀವು ಕೇಳಬಹುದು. ನೀರಿಗಾಗಿ ಅಲ್ಲ. ಹನ್ನೆರಡು ವರ್ಷ ಜವರಿ ಕೊಡ ಹೊತ್ತುಕೊಂಡು ಇವರ ಕಣ್ಣ ಮುಂದೆಯೇ ಓಡಾಡಿದ್ದಳು, ಕಾಣಲಿಲ್ಲ. ಕೆರೆ ಪಕ್ಕದ ಗೋಮಾಳದಲ್ಲಿ ಇವರು ಆಡುವ ಜಾಗಕ್ಕೆ ಸುನೀಲ್ಕುಮಾರ್ ಬ್ಯಾರನ್ ಸೌದೆ ತಂದು ಸುರಿಸಿದ. ಪಿಚ್ಚಿನ ಮೇಲೆ ಸೌದೆ ಬಿದ್ದ ದಿನ ಇವರಿಗೆ ಪ್ರಜಾಪ್ರಭುತ್ವ ನೆನಪಾಯಿತು. ಕೇಳಲು ಹೋದರೆ ಅವನು ಹನ್ನೊಂದು ಜರ್ಸಿ ಹೊಲಿಸಿಕೊಟ್ಟು ಸಾಗಹಾಕಿದ. ಬೆನ್ನ ಮೇಲೆ ನಂಬರು, ಎದೆಯ ಮೇಲೆ ಸುನೀಲ್ಕುಮಾರ್ ಅಂತ ಅವನದೇ ಹೆಸರು. ಜರ್ಸಿ ಚೆನ್ನಾಗಿದೆ ಅಂತ ಹಾಕಿಕೊಂಡರು. ಸೌದೆ ಕದಲಲಿಲ್ಲ. ಆಮೇಲೆ ಅದೇ ಜರ್ಸಿ ಹಾಕಿಕೊಂಡು ಮನೆ ಮನೆಗೆ ಹೋಗಿ ಸುನೀಲ್ಕುಮಾರನನ್ನು ಸೋಲಿಸಿ, ಮಂಗಳಕ್ಕನಿಗೆ ಓಟು ಹಾಕಿ ಅಂದರು. ಬದಲಾವಣೆ ಬೇಕು ಅಂದರು. ಊರ ಮುದುಕಿಯರು ಎದೆಯ ಮೇಲಿನ ಹೆಸರು ತೋರಿಸಿ, "ಇವನಿಗೇನ್ಲಾ ಮಗ ಹಾಕ್ಬೇಕು?" ಅಂತ ಕೇಳಿದರು.

ಓಟಿಗೆ ಎರಡು ದಿನ ಮುಂಚೆ, ಭಾನುವಾರ ಸಂಜೆ, ಶಶಿ ಎಲ್ಲರನ್ನೂ ಮಾರಮ್ಮನ ಗುಡಿಗೆ ಕರೆದ. ಸುನೀಲ್ಕುಮಾರನ ಕಡೆಯವರು ಹುಡುಗರನ್ನು ಒಬ್ಬೊಬ್ಬರನ್ನಾಗಿ ಒಡೆಯುತ್ತಿದ್ದಾರೆ ಅಂತ ಸುದ್ದಿ. ನಮ್ಮ ಕಡೆ ಇದಕ್ಕೊಂದು ಹಳೆಯ ಪದ್ಧತಿ ಇದೆ. ಒಬ್ಬೊಬ್ಬರೇ ಒಳಗೆ ಹೋಗಿ ಅಮ್ಮನ ದೀಪ ಮುಟ್ಟಿ ಆಣೆ ಮಾಡುವುದು. ದೀಪ ಮುಟ್ಟಿದವನು ಮಾತು ತಪ್ಪುವುದಿಲ್ಲ, ತಪ್ಪಿದರೆ ಅವನ ಮನೆ ದೀಪ ಆರುತ್ತದೆ. ನಾನು ಎದುರಿನ ಜಗಲಿಯಲ್ಲಿ ಕೂತಿದ್ದೆ. ಹತ್ತು ಜನ ಒಳಗೆ ಹೋಗಿ ಬಂದರು. ಜಯರಾಮ ಮೆಟ್ಟಿಲ ಕೆಳಗೇ ನಿಂತಿದ್ದ. ಹಾಡಿಯವರು ಆ ಮೆಟ್ಟಿಲು ಹತ್ತುವುದಿಲ್ಲ. ನನ್ನ ತಾತನ ಕಾಲದಿಂದ ಹಾಗೆ.

"ದೀಪ ಆಚೆಗೆ ತರಾನ ಕಣ್ಲಾ," ಅಂದ ಒಬ್ಬ.

"ಅಮ್ಮನ ದೀಪ ವೊಸ್ಲು ದಾಟಂಗಿಲ್ಲ," ಅಂದ ಶಶಿ. ಅಮೆರಿಕದವನ ಸೋಲಿಗೆ ಕಾರಣ ಗೊತ್ತಿದ್ದ ನನ್ನ ಮೊಮ್ಮಗ.

"ನಾನು ಇಲ್ಲಿಂದ್ಲೇ ಕೈ ಮುಗಿತೀನಿ ಬುಡ್ರಲಾ," ಅಂದ ಜಯರಾಮ. "ನಿಂತಿರಾಳು ನಮ್ಮಕ್ಕ. ನಮ್ಮಕ್ಕಂಗೆ ಓಟ್ ಆಕಕ್ಕೆ ನಾನು ಆಣೆ ಬೇರೆ ಇಡಬೇಕಾ?"

"ಎಲ್ಲಾರೂ ಮುಟ್ಟವ್ರೆ, ನೀನೊಬ್ನೇ ಮುಟ್ಟಿಲ್ಲ," ಅಂದ ರಘು. "ಹಾಡೀರನ್ನ ನಂಬಕಾಯ್ತದಾ? ಒಂದ್ ಕ್ವಾಟ್ರು ತೋರ್ಸುದ್ರೆ ಅಕ್ಕ ಯಾರು, ಅವ್ವ ಯಾರು!"

ಎಲ್ಲರೂ ನಕ್ಕರು. ಜಯರಾಮನೂ ನಕ್ಕ ಹಾಗೆ ಮಾಡಿದ. ನಾನು ಜಗಲಿಯಿಂದ ಏಳಲಿಲ್ಲ. ಆ ಮೆಟ್ಟಿಲಿನ ಬಗ್ಗೆ ಎಪ್ಪತ್ತೆಂಟು ವರ್ಷ ಬಾಯಿ ಬಿಡದವನು ಅಂದು ಬಿಟ್ಟೇನೇ? ಈ ಹುಡುಗರನ್ನು ಹೀಗಳೆಯುತ್ತಿದ್ದೇನೆ. ಇವರು ಎಲ್ಲಿಂದ ಹುಟ್ಟಿದರು ಅನ್ನುವುದೂ ನನಗೆ ಗೊತ್ತು.

ಆಗ ಶಶಿಗೆ ಒಂದು ಉಪಾಯ ಹೊಳೆಯಿತು. "ಎಣಿಸೋ ದಿನ ಅಕ್ಕನ ಏಜೆಂಟಾಗಿ ನಾನೇ ಒಳಗೆ ಕೂತಿರ್ತೀನಿ. ಪಂಚಾಯ್ತಿ ಓಟು ಮಿಷನ್ ಅಲ್ಲ, ಚೀಟಿ. ಮುದ್ರೆ ಒತ್ತುದ್ಮೇಲೆ ಪಕ್ಕದಲ್ಲೇ ನಿಮ್ ನಿಮ್ ಜರ್ಸಿ ನಂಬರ್ ಬರ್ದು ಬುಡಿ. ಒಂದೊಂದಾಗಿ ನೋಡ್ಕತೀನಿ. ಯಾವ ನಂಬರ್ ಬರಲ್ವೋ ಅವ್ನೇ ಕಳ್ಳ."

"ಸೂಪರ್ ಕಣ್ ಮಗಾ!" ಅಂತ ರಘು ಅವನ ಬೆನ್ನು ತಟ್ಟಿದ.

ಇದಕ್ಕೆ ಮಾತ್ರ ನಾನು ಬಾಯಿ ಬಿಟ್ಟೆ. ಹತ್ತಿರ ಕರೆದು, "ಚೀಟಿ ಮೇಲೆ ಮುದ್ರೆ ಬುಟ್ಟು ಏನೂ ಇರಬಾರ್ದು ಕಣ್ರಲಾ. ಬರುದ್ರೆ ಓಟು ಸತ್ತೋಯ್ತದೆ," ಅಂದೆ.

ನನಗೆ ಗೊತ್ತಿದ್ದದ್ದು ಪುಸ್ತಕದಿಂದಲ್ಲ. ನಾನು ಚಿಕ್ಕವನಾಗಿದ್ದಾಗ ನಮ್ಮವ್ವ ಮೊದಲ ಸಲ ಚೀಟಿಯ ಓಟು ಹಾಕಿ ಬಂದಳು. ಮುದ್ರೆ ಒತ್ತಿದಳು, ಪಕ್ಕದಲ್ಲಿ ಹೆಬ್ಬೆಟ್ಟನ್ನೂ ಒತ್ತಿದಳು. ಯಾವ ಕಾಗದವಾದರೂ ಹೆಬ್ಬೆಟ್ಟು ಒತ್ತಿದರೇ ಬೆಲೆ ಅಂತ ಅವಳ ತಿಳಿವಳಿಕೆ. ಮನೆಗೆ ಬಂದು ಹೆಮ್ಮೆಯಿಂದ ಹೇಳಿದಾಗ ನಮ್ಮೂರ ಮೇಷ್ಟರು ಹಣೆ ಚಚ್ಚಿಕೊಂಡರು. ಯಾರು ಹಾಕಿದ್ದು ಅಂತ ಗುರುತು ಸಿಗುವಂತಿದ್ದರೆ ಆ ಓಟು ಲೆಕ್ಕಕ್ಕಿಲ್ಲ ಕಣಮ್ಮ ಅಂದರು. ನಮ್ಮವ್ವ ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಇದನ್ನೆಲ್ಲ ಹೇಳಿದೆ. ಶಶಿ ಮರ್ಯಾದೆಯಿಂದಲೇ ಕೇಳಿಸಿಕೊಂಡ. ಆಮೇಲೆ, "ತಾತ, ಅಜ್ಜಮ್ಮಂದು ಹೆಬ್ಬೆಟ್ಟು. ಇದು ನಂಬರ್. ನೀನು ಎರಡ್ನೇ ಕ್ಲಾಸು, ನಾನು ಬಿ.ಕಾಂ. ಬುಡು," ಅಂದ.

"ಆ ಫೋನ್‌ನಾಗೇ ನೋಡ್ಲಾ ಒಂದ್ಸಲ. ದಿನಾ ಉಜ್ಜುತೀಯಲ್ಲ."

"ನೋಡಿದೀವಿ ತಾತ, ಎಲ್ಲಾ ನೋಡಿದೀವಿ."

ನೋಡಿರಲಿಲ್ಲ. ಜಯರಾಮ ಮೆಟ್ಟಿಲ ಕೆಳಗೆ ನಿಂತೇ ನನ್ನ ಮಾತು ಕೇಳುತ್ತಿದ್ದ.

ಮಂಗಳವಾರ ಓಟು. ಸಾಲಿನಲ್ಲಿ ಹತ್ತು ಜನ ಮೂಗಿಗೆ ಮಾಸ್ಕು, ಜೇಬಿನಲ್ಲಿ ಪೆನ್ನು. ಕಾಲೇಜಿಗೂ ಪೆನ್ನು ಒಯ್ಯದವರು ಅಂದು ಒಯ್ದರು. ಹೊರಗೆ ಬಂದ ಮೇಲೆ ಮಸಿ ಹಚ್ಚಿದ ಬೆರಳು ಮೂಗಿನ ಮುಂದೆ ಹಿಡಿದು ಫೋಟೊ ತೆಗೆದುಕೊಂಡರು. ನಾನು ಮಂಗಳಾಳ ಗುರುತಾದ ಹೊಲಿಗೆ ಯಂತ್ರದ ಮೇಲೆ ಮುದ್ರೆ ಒತ್ತಿ, ಚೀಟಿ ಮಡಿಸಿ, ಡಬ್ಬಕ್ಕೆ ಹಾಕಿ ಬಂದೆ.

ಎಣಿಕೆ ಮುಂದಿನ ಬುಧವಾರ, ಹುಣಸೂರಿನಲ್ಲಿ. ಹುಡುಗರೆಲ್ಲ ಒಂದು ಗೂಡ್ಸ್ ಆಟೊ ಹತ್ತಿದರು. ಪದ್ಮಶ್ರೀ ನನ್ನನ್ನೂ ಹತ್ತಿಸಿಕೊಂಡಳು. ನಾವು ಹಗ್ಗದ ಆಚೆ ಬಿಸಿಲಲ್ಲಿ ನಿಂತೆವು. ಒಳಗೆ ಹೋದವರು ಮಂಗಳಾ ಮತ್ತು ಶಶಿ. ಒಳಗೆ ನಡೆದದ್ದನ್ನು ಆಮೇಲೆ ಮಂಗಳಾಳೇ ಹೇಳಿದಳು.

ಅರ್ಧ ಎಣಿಸುವವರೆಗೆ ಮಂಗಳಾ ಮುಂದಿದ್ದಳಂತೆ. ಆಮೇಲೆ ಎಣಿಸುವ ಅಧಿಕಾರಿ ಒಂದು ಚೀಟಿ ಎತ್ತಿ ಬೆಳಕಿಗೆ ಹಿಡಿದರಂತೆ. "ಏನ್ರೀ ಇದು, ಹೊಲಿಗೆ ಯಂತ್ರದ ಪಕ್ಕ ಹದಿನೆಂಟು ಅಂತ ಬರೆದಿದ್ದಾರೆ?"

"ಅದು ನಂದೇ ಸಾರ್!" ಅಂದನಂತೆ ಶಶಿ, ಬಹುಮಾನಕ್ಕೆ ಹೆಸರು ಕೂಗಿದಾಗ ಎದ್ದು ನಿಲ್ಲುವ ಹಾಗೆ.

"ನಿಮ್ಮದು ಅಂತ ಗೊತ್ತಾಯ್ತಲ್ಲ, ಅದಕ್ಕೇ ಇದು ತಿರಸ್ಕೃತ," ಅಂತ ಅವರು ಚೀಟಿಯನ್ನು ಪಕ್ಕಕ್ಕೆ ಇಟ್ಟರಂತೆ.

ಹೀಗೆ ಹತ್ತು ಚೀಟಿ ಪಕ್ಕಕ್ಕೆ ಹೋದವು. ಒಂದೊಂದು ಹೋಗುವಾಗಲೂ ಶಶಿ ಸಾರ್ ಸಾರ್ ಅನ್ನುತ್ತಿದ್ದ, ಮಂಗಳಾ ಮೇಜಿನ ಅಂಚು ಹಿಡಿದು ನಿಂತಿದ್ದಳು. ಕೊನೆಗೆ ಪುಟ್ಟಿ ಮೂರು ಓಟಿನಲ್ಲಿ ಗೆದ್ದಳು.

ಮಂಗಳಾ ಹೊರಗೆ ಬಂದು, ಹತ್ತು ಚೀಟಿ ತಿರಸ್ಕಾರ, ಮೂರರಲ್ಲಿ ಸೋತೆ ಅಂತ ಪದ್ಮಶ್ರೀಗೆ ಹೇಳಿ ನೆರಳಲ್ಲಿ ಕೂತಳು, ಅಳಲಿಲ್ಲ. ಶಶಿ ಹಿಂದೆಯೇ ಬಂದ. ಅವನ ಬಾಯಿಂದ ಬಂದ ಮೊದಲ ಮಾತು ಇದು:

"ಏಳನೇ ನಂಬರ್ ಬರ್ಲೇ ಇಲ್ಲ ಕಣ್ರೋ. ಜಯರಾಮ ಕೈ ಕೊಟ್ಟ!"

ಹತ್ತೂ ಜನ ಜಯರಾಮನ ಮೇಲೆ ತಿರುಗಿದರು. ಬೈದರು. ರಘು ಕತ್ತಿನ ಪಟ್ಟಿ ಹಿಡಿದ. "ಜರ್ಸಿ ಬಿಚ್ಲಾ ಕಳ್ಳ! ಅಕ್ಕನ್ನೇ ಮಾರ್ಕಂಡ್ಯಲ್ಲೋ!" ಹುಣಸೂರಿನ ಬೀದಿಯಲ್ಲಿ, ಅಷ್ಟು ಜನ ನೋಡುತ್ತಿರುವಾಗ, ಅವನ ಮೈ ಮೇಲಿನ ಜರ್ಸಿ ಎಳೆದು ತೆಗೆದರು.

ಪದ್ಮಶ್ರೀ ಮಧ್ಯೆ ನುಗ್ಗಿದಳು. "ಅವ್ನು ನಂಬರ್ ಬರೀಲಿಲ್ಲ, ಅದಕ್ಕೇ ಅವಂದು ಎಣಿಸಿದ್ರು ಕಣೋ! ನಿಮ್ ಹತ್ತು ಜನರದ್ದು ಕಸಕ್ಕೆ ಹೋಯ್ತು. ತಂಡದಿಂದ ಅಕ್ಕಂಗೆ ಬಿದ್ದ ಓಟು ಅದೊಂದೇ!"

"ಬಿದ್ದಿರೋದು ಪುಟ್ಟಿಯ ಆಟೊ ಗುರುತಿಗೆ ಅಂತ ನಿಂಗೇನ್ ಗೊತ್ತು? ನಂಬರ್ ಇದ್ದಿದ್ರೆ ಗೊತ್ತಾಗಿರಾದು," ಅಂದ ಶಶಿ.

"ಸೋತಿದ್ದು ಮೂರಲ್ಲಿ. ಹತ್ತು ದೊಡ್ಡದೋ ಮೂರು ದೊಡ್ಡದೋ, ಬಿ.ಕಾಂ.ನಲ್ಲಿ ಹೇಳ್ಕೊಡಲ್ವಾ?"

ಶಶಿ ಮುಖ ಆಚೆ ತಿರುಗಿಸಿದ. ತಪ್ಪು ಅಂತ ಅವನಿಗೆ ಒಳಗೆ ಗೊತ್ತಾಗಿತ್ತು ಅಂತ ನನಗೆ ಅನಿಸಿತು. ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡನಲ್ಲ, ಅದೇ ನನಗೆ ಹೇಸಿಗೆ. ತಿಳಿಯದೆ ಕೆಡಿಸುವವರು ಎಲ್ಲ ಕಾಲದಲ್ಲೂ ಇದ್ದರು, ನಮ್ಮವ್ವನೂ ಕೆಡಿಸಿದಳು. ಆದರೆ ಅವಳು ತನ್ನ ಹೆಬ್ಬೆಟ್ಟನ್ನು ನೋಡಿಕೊಂಡು ಅತ್ತಳು, ಪಕ್ಕದ ಮನೆಯವಳ ಸೀರೆ ಎಳೆಯಲು ಹೋಗಲಿಲ್ಲ.

ಗುರುವಾರ ಸುನೀಲ್ಕುಮಾರ್ ಪುಟ್ಟಿಗೆ ಹಾರ ಹಾಕಿಸಿ ಟ್ರ್ಯಾಕ್ಟರ್ ಮೇಲೆ ಕೂರಿಸಿ ಮೆರೆಸಿದ. ಅವಳು ಕೊಟ್ಟಿಗೆ ಕೆಲಸ ಮುಗಿಸಿಯೇ ಟ್ರ್ಯಾಕ್ಟರ್ ಹತ್ತಿದ್ದು, ಇಳಿದು ಮತ್ತೆ ಕೊಟ್ಟಿಗೆಗೇ ಹೋದದ್ದು. ಸಂಜೆ ಬಾಡೂಟ. ಟೈಗರ್ ಬಾಯ್ಸಿನ ಹತ್ತು ಜನ ಮೊದಲ ಪಂಕ್ತಿಯಲ್ಲೇ ಕೂತು ಉಂಡರು. ಸೌದೆಯನ್ನು ಪಿಚ್ಚಿನಿಂದ ಈಚೆಗೆ ಸರಿಸುತ್ತೇನೆ ಅಂದನಂತೆ ಸುನೀಲ್ಕುಮಾರ್.

"ಉಣ್ಣಕ್ಕೆ ಹೆಂಗ್ಲಾ ಮನಸ್ಸು ಬಂತು?" ಅಂತ ಕೇಳಿದೆ ಮೊಮ್ಮಗನನ್ನು.

"ಎಲೆಕ್ಷನ್ ಮುಗೀತಲ್ಲ ತಾತ. ಪ್ರಾಕ್ಟಿಕಲ್ ಆಗಿರ್ಬೇಕು. ಸುನೀಲಣ್ಣ ಅಷ್ಟೇನ್ ಕೆಟ್ಟೋನಲ್ಲ ಕಣ್ ತಾತ," ಅಂದ. ಹಲ್ಲಿನ ಸಂದಿಯಿಂದ ಕಡ್ಡಿಯಲ್ಲಿ ಮಾಂಸ ತೆಗೆಯುತ್ತಿದ್ದ. ಅವನ ರಾಜಕೀಯ ವಿಚಾರ ಅಂತ ಯಾರಾದರೂ ಕೇಳಿದರೆ ನಾನು ಆ ಕಡ್ಡಿ ತೋರಿಸುತ್ತೇನೆ.

ರಾಗಿ ಒಕ್ಕಣೆ ಎಲ್ಲ ಕಣದಲ್ಲೂ ಶುರುವಾಯಿತು. ಮಂಗಳಾಳನ್ನು ಒಬ್ಬರೂ ಕರೆಯಲಿಲ್ಲ. ಹೇಳಿದ ಮಾತನ್ನು ಸುನೀಲ್ಕುಮಾರ್ ನಡೆಸಿದ, ಅದಕ್ಕೆ ಅವನು ದೀಪ ಮುಟ್ಟುವ ಅಗತ್ಯವಿರಲಿಲ್ಲ. ನಾನು ಶುಕ್ರವಾರ ಹಾಡಿಗೆ ನಡೆದು ಹೋಗಿ, ನಮ್ಮ ಕಣಕ್ಕೆ ಬಾ ಅಂದೆ.

"ನಿಮ್ ಕಣದ್ದು ಮೂರು ದಿನದ ಕೆಲ್ಸ ಅಯ್ಯ," ಅಂದಳು ಮಂಗಳಾ. "ಆಮೇಲೆ? ನಿಮ್ ಮಗ ಸೊಪ್ಪು ಬೇಯ್ಸಾದು ಸುನೀಲಣ್ಣನ ಬ್ಯಾರನ್ನಲ್ಲೇ ಅಲ್ವಾ? ನಿಮ್ಗೂ ತೊಂದ್ರೆ."

ಅದು ನಿಜವಾಗಿತ್ತು. ಅವಳು ಮಗಳ ಸ್ಕೂಲು ಚೀಲದಿಂದ ಪುಸ್ತಕ ಆಚೆ ಇಟ್ಟು ಅದರಲ್ಲಿ ಬಟ್ಟೆ ತುಂಬುತ್ತಿದ್ದಳು. ಜಯರಾಮ ಗೋಡೆಗೆ ಒರಗಿ ಕೂತಿದ್ದ.

"ಯಾಕ್ಲಾ ಮಗ, ನೀನು ನಂಬರ್ ಬರೀಲಿಲ್ಲ?"

"ನೀವು ಬ್ಯಾಡ ಅಂದ್ರಲ್ಲ ಅಯ್ಯ," ಅಂದ. ಆಮೇಲೆ, "ಅವ್ರು ಯಾರೂ ಓಟು ಯಾರ್ಗಾಕ್ದೆ ಅಂತ ಕೇಳ್ನೇ ಇಲ್ಲ. ನಂಬರ್ ಎಲ್ಲೋ, ನಂಬರ್ ಎಲ್ಲೋ ಅಂತ್ಲೇ ಕೇಳ್ತಿದ್ರು," ಅಂದ.

ಜವರಿ ಹಳ್ಳದಿಂದ ಬಂದು ಕೊಡ ಇಳಿಸಿದಳು. ಕುಡಿಯಲು ಒಂದು ಲೋಟ ಕೊಟ್ಟಳು. ಕುಡಿದು ಊರಿಗೆ ಬಂದೆ.

ಕೊಡಗಿನ ಕಾಫಿ ತೋಟದ ಮೇಸ್ತ್ರಿ ಮಾರನೆಯ ಬೆಳಿಗ್ಗೆ ಜೀಪು ತಂದ. ಹಣ್ಣು ಕೊಯ್ಯುವ ಕಾಲ, ಜನ ಎಷ್ಟಿದ್ದರೂ ಸಾಲದು, ಇರಲು ತೋಟದ ಲೈನ್ ಮನೆ ಕೊಡುತ್ತೇನೆ ಅಂದಿದ್ದ. ಜೀಪು ನಮ್ಮ ಊರ ಬೀದಿಯಲ್ಲೇ ಹಾದುಹೋಯಿತು. ಕಟ್ಟೆ ಮೇಲಿನ ಹುಡುಗರು ಫೋನಿನಿಂದ ತಲೆ ಎತ್ತಲಿಲ್ಲ. ಮಂಗಳಾ, ಅವಳ ಮಗಳು, ಜವರಿ, ಜಯರಾಮ, ನಾಲ್ಕು ಜನ ಹೊರಟುಹೋದರು. ಅಂದು ಜನವರಿ ಎರಡು, ಶನಿವಾರ.